ಅಡಿಗೆಮನೆಯಿಂದ ಗೆದ್ದ ಪಂದ್ಯ

ಆ ಶನಿವಾರ ನಮ್ಮ ಟೀಮು ಗೆದ್ದದ್ದು ನನ್ನಿಂದ. ಹಾಗಂತ ನಾನು ಹೇಳುತ್ತಿಲ್ಲ. ನಮ್ಮ ಯಜಮಾನರೂ ಅವರ ಇಬ್ಬರು ಸ್ನೇಹಿತರೂ ನಮ್ಮದೇ ಹಾಲ್‌ನಲ್ಲಿ ಕೂತು, ನಾನೇ ಕರಿದ ಬಜ್ಜಿ ತಿನ್ನುತ್ತಾ, ಬಹಳ ಹೊತ್ತು ವಿಮರ್ಶೆ ಮಾಡಿ ಕೊಟ್ಟ ತೀರ್ಪು ಇದು. ನಾನು ಆಡಲಿಲ್ಲ, ಆಡಿಸಲಿಲ್ಲ. ಅಡಿಗೆಮನೆಯಲ್ಲಿದ್ದೆ. ಅಲ್ಲಿದ್ದದ್ದೇ ನನ್ನ ಸಾಧನೆಯಂತೆ.

ಟೀಮು ಅಂದರೆ ಕ್ರಿಕೆಟ್ಟಿನದಲ್ಲ. ಆಸ್ಟ್ರೇಲಿಯಾದವರು ತಮ್ಮದೇ ಒಂದು ಬಗೆಯ ಫುಟ್‌ಬಾಲ್ ಆಡುತ್ತಾರೆ. ಚೆಂಡನ್ನು ಕಾಲಲ್ಲೂ ಒದೆಯಬಹುದು, ಕೈಯಲ್ಲೂ ಹಿಡಿಯಬಹುದು. ಚೆಂಡೂ ಮೊಟ್ಟೆಯಾಕಾರ, ಮೈದಾನವೂ ಮೊಟ್ಟೆಯಾಕಾರ. ಎರಡು ತುದಿಯಲ್ಲೂ ನಾಲ್ಕು ನಾಲ್ಕು ಕಂಬ ನೆಟ್ಟಿರುತ್ತಾರೆ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಆರು ಅಂಕ. ಗುರಿ ತಪ್ಪಿ ಪಕ್ಕದ ಸಂದಿಯಲ್ಲಿ ಹೋದರೂ ಒಂದು ಅಂಕ. ನನಗೆ ಆಟ ಹಿಡಿಸಿದ್ದೇ ಆ ಒಂದು ಅಂಕದಿಂದ. ಗುರಿ ತಪ್ಪಿದರೂ ಪರವಾಗಿಲ್ಲ, ಪ್ರಯತ್ನಪಟ್ಟೆಯಲ್ಲ ಅಂತ ಏನೋ ಒಂದು ಕೊಟ್ಟು ಕಳಿಸುತ್ತಾರೆ. ನಮ್ಮ ಮನೆಯಲ್ಲಿ ಸರಿಯಾಗಿ ಮಾಡಿದರೂ ಕೊಡುವ ಪದ್ಧತಿಯಿಲ್ಲ.

ಜಯಲಕ್ಷ್ಮಿಪುರಂನ ನಮ್ಮ ಮನೆಗೆ ಈ ಆಟವನ್ನು ತಂದವಳು ನಾನು. ಮಂಡಿ ಆಪರೇಷನ್ ಆದ ಮೇಲೆ ಡಾಕ್ಟರು ನೆಲದ ಮೇಲೆ ಕೂರಬೇಡಿ, ತಗ್ಗಿನ ಸೋಫಾದಲ್ಲೂ ಕೂರಬೇಡಿ ಎಂದರು. ಎತ್ತರದ, ಎರಡೂ ಕಡೆ ಕೈಯಿರುವ ಬೆತ್ತದ ಕುರ್ಚಿಯೊಂದನ್ನು ಹೇಳಿ ಮಾಡಿಸಿ ಟಿವಿ ಎದುರಿಗೆ ಹಾಕಿಸಿಕೊಂಡೆ. ಹೈಸ್ಕೂಲಿನಲ್ಲಿ ರಿಟೈರಾಗುವವರೆಗೂ ನಿಂತುಕೊಂಡೇ ಲೆಕ್ಕ ಹೇಳಿಕೊಟ್ಟವಳಿಗೆ ನೆಮ್ಮದಿಯಾಗಿ ಕೂರಲು ಸಿಕ್ಕ ಮೊದಲ ಜಾಗ ಅದು. ಧಾರಾವಾಹಿಯಲ್ಲಿ ಸೊಸೆಯ ಹಾಲಿಗೆ ವಿಷ ಬೆರೆಸುವುದನ್ನು ನೋಡಿ ನೋಡಿ ಬೇಸತ್ತು ಚಾನೆಲ್ ತಿರುಗಿಸುತ್ತಿದ್ದಾಗ ಈ ಆಟ ಕಣ್ಣಿಗೆ ಬಿತ್ತು. ಒಂದು ಕಡೆಯವರು ಇನ್ನೊಂದು ಕಡೆಯವರನ್ನು ಹಿಗ್ಗಾಮುಗ್ಗಾ ಬಾರಿಸುತ್ತಿದ್ದರು. ಬಾರಿಸಿಕೊಳ್ಳುತ್ತಿದ್ದವರನ್ನು ಕಂಡು ಪಾಪ ಅನ್ನಿಸಿತು. ಅವತ್ತಿನಿಂದ ಅವರೇ ನನ್ನ ಟೀಮು. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ದೃಷ್ಟಿ ತಾಗಿತು ಅನ್ನುತ್ತಾರೆ, ಮುಂದಿನ ವರ್ಷ ಸೋತರೆ ಅದೂ ನನ್ನ ತಲೆಗೇ ಬರುತ್ತದೆ.

ಯಜಮಾನರು ಮೊದಲು ನಕ್ಕರು. "ಇದೇನೇ ಇದು, ಸಂತೇಲಿ ಒಂದು ಕುಂಬಳಕಾಯಿಗೆ ಊರೆಲ್ಲ ಕಿತ್ತಾಡ್ದಂಗೆ!" ಅಂದರು. ಆಮೇಲೆ ಪೇಪರು ಓದುವ ನೆಪದಲ್ಲಿ ಪಕ್ಕದಲ್ಲಿ ಕೂತರು. ಆಮೇಲೆ ಪೇಪರು ಮಡಿಸಿಟ್ಟರು. ತಿಂಗಳು ಕಳೆಯುವುದರೊಳಗೆ ತಮ್ಮ ವಾಕಿಂಗ್ ಸ್ನೇಹಿತರಿಬ್ಬರನ್ನು ಕರೆತಂದು, ನಾನು ಹೇಳಿಕೊಟ್ಟ ನಿಯಮಗಳನ್ನು ನನ್ನ ಎದುರಿಗೇ ಅವರಿಗೆ ತಪ್ಪು ತಪ್ಪಾಗಿ ವಿವರಿಸತೊಡಗಿದರು. ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಮಾಲು ಸರಿಯಿದೆಯೋ ಇಲ್ಲವೋ ಅಂತ ಪರೀಕ್ಷಿಸುವ ಕೆಲಸದಲ್ಲಿದ್ದು ರಿಟೈರಾದವರು ಅವರು. ಈಗ ಪರೀಕ್ಷಿಸಲು ಮಾಲಿಲ್ಲ. ಇರುವವಳು ನಾನೊಬ್ಬಳೇ.

ಸ್ನೇಹಿತರಲ್ಲಿ ಒಬ್ಬರು ಭೂಗೋಳದ ಮೇಷ್ಟ್ರು, ಕಾಲೇಜಿನಲ್ಲಿ ಪಾಠ ಮಾಡಿದವರು. ಇನ್ನೊಬ್ಬರು ಅಗ್ರಹಾರದ ವಕೀಲರು. ಕೋರ್ಟಿಗೆ ಹೋಗುವುದನ್ನು ಬಿಟ್ಟಿದ್ದಾರೆ, ವಾದ ಮಾಡುವುದನ್ನು ಬಿಟ್ಟಿಲ್ಲ. ನನ್ನ ಮೇಲೆ ಕೇಸು ಹಾಕಿದವರು ಅವರೇ.

ಆಗಿದ್ದು ಇಷ್ಟು. ನಮ್ಮ ಟೀಮು ಕೆಲವು ವಾರ ಒಂದೇ ಸಮನೆ ಸೋಲುತ್ತಿತ್ತು. ಚೆನ್ನಾಗಿ ಆಡುತ್ತಿರಲಿಲ್ಲ, ಸೋಲುತ್ತಿತ್ತು. ಇಷ್ಟು ಸರಳವಾದ ಕಾರಣ ಈ ಮೂವರು ಪದವೀಧರರಿಗೆ ಸಾಲಲಿಲ್ಲ. ಒಂದು ದಿನ ಕುಕ್ಕರ್ ಕೂಗಿತೆಂದು ನಾನು ಎದ್ದು ಒಳಗೆ ಹೋದೆ. ಅಷ್ಟರಲ್ಲಿ ನಮ್ಮವರು ಗೋಲು ಹೊಡೆದರು. ನಾನು ಬಂದು ಕೂತೆ. ಎದುರಾಳಿ ಹೊಡೆದ. ವಕೀಲರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು.

"ತಪ್ಪು ತಿಳೀಬೇಡಿ ತಾಯಿ. ಇನ್ನೊಂದು ಸಲ ಒಳಗೆ ಹೋಗಿಬರ್ತೀರಾ?"

"ಹೋಗ್ ಬಾರೇ, ಏನ್ ಗಂಟು ಹೋಗೋದು? ಟೆಸ್ಟ್ ಮಾಡ್ಬುಡಣ" ಎಂದರು ನಮ್ಮ ಮಾಲು ಪರೀಕ್ಷಕರು.

ತಮಾಷೆ ಅಂದುಕೊಂಡು ನಾನೂ ನಗುತ್ತಾ ಒಳಗೆ ಹೋದೆ. ಹಾಳಾದವರು ಆಗಲೇ ಗೋಲು ಹೊಡೆಯಬೇಕೆ! ಹಾಲ್‌ನಲ್ಲಿ ಹೋ ಎಂಬ ಕೂಗು. ಆಮೇಲೆ ನಾನು ಹೊರಗೆ ಬಂದಾಗ ನನ್ನ ಬೆತ್ತದ ಕುರ್ಚಿಯಲ್ಲಿ ವಕೀಲರು ಕಾಲು ಚಾಚಿ ಕೂತಿದ್ದರು. ಅವರು ಅಲ್ಲಿ ಕೂತಾಗಲೇ ಗೋಲಾಯಿತಂತೆ, ಆದ್ದರಿಂದ ಇನ್ನು ಏಳುವ ಹಾಗಿಲ್ಲವಂತೆ.

ಅಲ್ಲಿಂದ ಅದೇ ಕಾನೂನಾಯಿತು. ಪ್ರತಿ ಪಂದ್ಯಕ್ಕೂ ನಾನು ಅಡಿಗೆಮನೆಗೆ, ವಕೀಲರು ಕುರ್ಚಿಗೆ. ಅವರದ್ದೂ ಆಚಾರಗಳು ಕಡಿಮೆಯೇನಿರಲಿಲ್ಲ. ವಕೀಲರು ಪಂದ್ಯದ ದಿನ ಅದೇ ಮಾಸಲು ಷರಟು ತೊಡಬೇಕು. ಯಜಮಾನರು ಟೀಪಾಯಿ ಮೇಲೆ ಕಾಲಿಟ್ಟಾಗ ಗೋಲಾದರೆ ಪಂದ್ಯ ಮುಗಿಯುವತನಕ ಕಾಲು ಇಳಿಸಬಾರದು. ಭೂಗೋಳದ ಮೇಷ್ಟ್ರು ತಂದ ನಿಯಮ ಇನ್ನೂ ಕಟ್ಟುನಿಟ್ಟು: ಪಂದ್ಯದ ದಿನ ಯಾರೂ ಮೊಬೈಲಿನಲ್ಲಿ ಸ್ಕೋರು ನೋಡಬಾರದು, ನೋಡಿದರೆ ಅದೃಷ್ಟ ಒಡೆಯುತ್ತದೆ. ಗಮನಿಸಿ, ಇವರ ಆಚಾರಗಳೆಲ್ಲ ಟೀಮನ್ನು ಗೆಲ್ಲಿಸುವಂಥವು. ಸೋಲಿಸುವ ಶಕ್ತಿಯನ್ನು ದೇವರು ನನಗೊಬ್ಬಳಿಗೇ ಕೊಟ್ಟಿದ್ದ.

ನಾನು ಯಾಕೆ ಸುಮ್ಮನಿದ್ದೆ ಅಂತ ಕೇಳಬಹುದು. ಸುಮ್ಮನಿರಲಿಲ್ಲ, ಜಗಳ ಆಡಿದೆ. "ಒಂದು ಆಟಕ್ಕೆ ಇಷ್ಟು ಯಾಕೆ ಬೇಜಾರ್ ಮಾಡ್ಕೊತೀಯ, ಬುಡೇ ಅತ್ಲಾಗೆ" ಎಂದರು. ಒಂದು ಆಟಕ್ಕೆ ಹೆಂಡತಿಯನ್ನು ಹಾಲ್‌ನಿಂದ ಎಬ್ಬಿಸಿದವರು ಹೇಳುವ ಮಾತು ಇದು. ಗೋಡೆಯ ಈಚೆ ನಿಂತು ನನ್ನ ಟೀಮಿನ ಸದ್ದು ಕೇಳಿಸಿಕೊಳ್ಳುವಾಗ ನಿಜಕ್ಕೂ ಅಳು ಬರುತ್ತಿತ್ತು. ಈರುಳ್ಳಿ ಹೆಚ್ಚುತ್ತಿದ್ದೆನಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಈಗ ಆ ಶನಿವಾರಕ್ಕೆ ಬರುತ್ತೇನೆ. ಲೀಗಿನ ಕೊನೆಯ ಪಂದ್ಯ. ಗೆದ್ದರೆ ನಾಕೌಟ್, ಸೋತರೆ ಮನೆಗೆ. ಎಂದಿನಂತೆ ಮಧ್ಯಾಹ್ನ ಮೂರಕ್ಕೆ ಶುರುವಾಗುತ್ತದೆಂದು ಮೂವರೂ ತೀರ್ಮಾನಿಸಿ, ಬೆಳಿಗ್ಗೆ ಹೂಟಗಳ್ಳಿಯಲ್ಲಿ ಯಾರದ್ದೋ ಗೃಹಪ್ರವೇಶಕ್ಕೆ ಹೊರಟರು. ನಾನು ಮಂಡಿ ನೋವು ಎಂದು ಉಳಿದುಕೊಂಡೆ. ತಿಂಡಿ ಮುಗಿಸಿ, ನೈಟಿಯಲ್ಲೇ, ಖಾಲಿ ಬಿದ್ದಿದ್ದ ನನ್ನ ಕುರ್ಚಿಯಲ್ಲಿ ಕೂತು ಟಿವಿ ಹಾಕಿದೆ. ನೋಡಿದರೆ ನಮ್ಮವರು ಸಾಲಾಗಿ ಮೈದಾನಕ್ಕೆ ಇಳಿಯುತ್ತಿದ್ದಾರೆ! ಅವತ್ತಿನದು ಅಲ್ಲಿ ಹಗಲಿನ ಪಂದ್ಯ, ನಮ್ಮಲ್ಲಿ ಬೆಳಿಗ್ಗೆ. ನೇರಪ್ರಸಾರ ಅಂತ ಮೂಲೆಯಲ್ಲಿ ಕೆಂಪಗೆ ಬರೆದಿತ್ತು. ಯಜಮಾನರಿಗೆ ಫೋನ್ ಮಾಡೋಣವೇ ಅಂದುಕೊಂಡೆ. ಮಾಡಲಿಲ್ಲ. ಅವತ್ತು ಮೊಬೈಲಿನಲ್ಲಿ ಸ್ಕೋರಿನ ಸುದ್ದಿ ಬರಬಾರದು ಎಂಬ ನಿಯಮ ಅವರದೇ ತಾನೆ?

ಎಂಥ ಆಟ ಅದು! ಮುಕ್ಕಾಲು ಪಂದ್ಯ ಮುಗಿದರೂ ನಮ್ಮವರು ಐದು ಗೋಲು ಹಿಂದೆ. ನಾನು ಬೈದೆ, ಗೋಗರೆದೆ, ಟಿವಿಗೆ ಬೆನ್ನು ಹಾಕಿ ಕೂತೆ, ಮತ್ತೆ ತಿರುಗಿದೆ. ಕೊನೆಯ ಕಾಲುಭಾಗದಲ್ಲಿ ಮೈಮೇಲೆ ಬಂದವರಂತೆ ಎದ್ದರು ನೋಡಿ. ಗಡ್ಡದವನೊಬ್ಬ, ಇಡೀ ಸೀಸನ್ ಕಂಬಕ್ಕೇ ಒದೆಯುತ್ತಿದ್ದವನು, ಬೌಂಡರಿ ಗೆರೆಯ ಪಕ್ಕದಿಂದ ಓರೆಯಾಗಿ ಒದ್ದ ಚೆಂಡು ಬಾಗಿ ಬಾಗಿ ನಡುಗಂಬಗಳ ಮಧ್ಯೆಯೇ ಹೋಯಿತು. ಮುಕ್ತಾಯದ ಸೈರನ್ ಕೂಗಿದಾಗ ನಾನು ಮಂಡಿ ಮರೆತು ಎದ್ದು ನಿಂತಿದ್ದೆ. ಆ ಖುಷಿಯನ್ನು ಹೇಗೆ ಹೇಳಲಿ? ಒಬ್ಬಳೇ ಚಪ್ಪಾಳೆ ತಟ್ಟಿದೆ. ಯಾರೂ ನನ್ನನ್ನು ಒಳಗೆ ಹೋಗು ಅನ್ನಲಿಲ್ಲ.

ಮೂರು ಗಂಟೆಗೆ ಸರಿಯಾಗಿ ಮೂವರೂ ಹೋಳಿಗೆ ಊಟದ ಭಾರದಲ್ಲಿ ಬಂದರು. ಯಜಮಾನರು ಟಿವಿ ಹಾಕಿದರು. ಅದೇ ಚಾನೆಲ್‌ನಲ್ಲಿ ಅದೇ ಪಂದ್ಯವನ್ನು ಮತ್ತೆ ಹಾಕುತ್ತಿದ್ದರು, ನಮ್ಮವರು ಮತ್ತೆ ಅದೇ ಸಾಲಿನಲ್ಲಿ ಮೈದಾನಕ್ಕೆ ಇಳಿದರು. ನಾನು ಹೇಳಬೇಕೆಂದೇ ಬಾಯಿ ತೆರೆದೆ.

"ರೀ, ಇದು..."

"ಮಾತು ಆಮೇಲೆ ಕಣೇ. ಶುರುವಾಗ್ತಾ ಅದೆ, ಒಳಕ್ ನಡಿ ನಡಿ!"

ಸರಿ, ಬಾಯಿಗೆ ಬೀಗ ಹಾಕಿಕೊಂಡು ನಡೆದೆ.

ಅಷ್ಟು ಸುಖವಾದ ಮಧ್ಯಾಹ್ನವನ್ನು ನಾನು ಆ ಅಡಿಗೆಮನೆಯಲ್ಲಿ ಕಂಡಿರಲಿಲ್ಲ. ಹಾಲ್‌ನಲ್ಲಿ ಮೂವರು ಗಂಡಸರು, ಆಗಲೇ ಆಡಿ, ಗೆದ್ದು, ಸ್ನಾನ ಮಾಡಿ, ಬಹುಶಃ ಊಟಕ್ಕೂ ಕೂತಿದ್ದ ಹುಡುಗರಿಗಾಗಿ ದೇವರಿಗೆ ಹರಕೆ ಹೊರುತ್ತಿದ್ದರು. "ಅಯ್ಯೋ ಹೋಯ್ತು, ಎಲ್ಲಾ ಹೋಯ್ತು" ಎಂದು ಮೇಷ್ಟ್ರು ನರಳಿದರು. "ಏನೂ ಹೋಗಿಲ್ಲ, ಕೊನೇತನಕ ಕಾಯಿರಿ" ಎಂದು ನಾನು ಮೆಣಸಿನಕಾಯಿ ಸೀಳುತ್ತಾ ನನ್ನಷ್ಟಕ್ಕೇ ಹೇಳಿಕೊಂಡೆ. ಗಡ್ಡದವನ ಗೋಲು ಹತ್ತಿರ ಬರುತ್ತಿದೆ ಅನ್ನುವಾಗ ಬಜ್ಜಿಯನ್ನು ಎಣ್ಣೆಗೆ ಬಿಟ್ಟೆ. ಕೂಗು ಎದ್ದಾಗ ಹದವಾಗಿ ಬೆಂದಿತ್ತು.

ಸೈರನ್ ಕೂಗಿದ ಮೇಲೆ ಶುರುವಾಯಿತು ನೋಡಿ ವಿಮರ್ಶೆ. ಆಡಿದವರ ವಿಷಯ ಐದು ನಿಮಿಷವೂ ಬರಲಿಲ್ಲ. "ನನಗೆ ಮೊದಲೇ ಗೊತ್ತಿತ್ತು" ಎಂದು ಮೇಷ್ಟ್ರು ಶುರುಮಾಡಿದರು, ಐದು ಗೋಲು ಹಿಂದಿದ್ದಾಗ ಮನೆಗೆ ಹೊರಡಲು ಚಪ್ಪಲಿ ಹುಡುಕಿದವರು. ಯಜಮಾನರು ಜೋಮು ಹಿಡಿದ ಕಾಲನ್ನು ಟೀಪಾಯಿಯಿಂದ ಎರಡೂ ಕೈಯಲ್ಲಿ ಎತ್ತಿ ಇಳಿಸಿ, "ನೋವು ತಡ್ಕೊಂಡೆ ಕಣ್ರೀ, ಕದಲಿಸ್ಲಿಲ್ಲ" ಎಂದರು. ಯುದ್ಧದಿಂದ ಬಂದವರ ದನಿ ಅದು. ವಕೀಲರು ಬೆತ್ತದ ಕುರ್ಚಿಯ ಕೈಗಳನ್ನು ಸವರಿದರು.

"ಎಲ್ಲಾ ಸರಿ. ಆದರೆ ಮುಖ್ಯ ಕಾರಣ ಏನು ಅಂತ ನಾವು ಒಪ್ಕೋಬೇಕು. ತಾಯಿಯವರು ಒಂದು ಸಲಾನೂ ಹೊರಗೆ ಇಣುಕಲಿಲ್ಲ."

"ಅದು ನಿಜ" ಎಂದರು ಮೇಷ್ಟ್ರು. "ಕಾಫಿ ಕೂಡ ಬಾಗಿಲ ಹತ್ರಾನೇ ಇಟ್ಟು ಹೋದ್ರು."

"ಈಗ ಯೋಚನೆ ಮಾಡಿ" ಎಂದರು ವಕೀಲರು. "ಅಡಿಗೆಮನೆಗೆ ಹೋಗಿದ್ದಕ್ಕೇ ಇಂಥ ಗೆಲುವು ಅಂದ್ರೆ, ಮುಂದಿನ ವಾರ ನಾಕೌಟ್. ಮನೆಯಿಂದಲೇ ಆಚೆ ಹೋದ್ರೆ?"

ಕಾರ್ಖಾನೆಯಲ್ಲಿ ನನ್ನ ಗಂಡ ಎಷ್ಟೋ ಮಾಲನ್ನು ವಾಪಸ್ ಕಳಿಸಿದ್ದಾರೆ. ಆ ಅನುಭವದಲ್ಲೇ ಎಂದು ಕಾಣುತ್ತದೆ, "ಸರಸ್ವತಿಪುರಂನಾಗೆ ಅವಳ ತಂಗಿ ಮನೆ ಅದೆ. ಶನಿವಾರ ಬೆಳಿಗ್ಗೇನೇ ಆಟೋ ಹತ್ತಿಸಿ ಕಳಿಸ್ಬುಡ್ತೀನಿ" ಎಂದರು.

ಕೇಳಿದಿರಾ? ನಾನು ಹುಡುಕಿದ ಆಟ. ನಾನು ಪಾಪ ಅಂತ ಕೈಹಿಡಿದ ಟೀಮು. ನನ್ನ ಮಂಡಿಗೆ ಮಾಡಿಸಿದ ಕುರ್ಚಿ. ಇಷ್ಟು ದಿನ ಗೋಡೆಯ ಈಚೆಯಿಂದ ಸದ್ದಾದರೂ ಕೇಳಿಸುತ್ತಿತ್ತು. ವರ್ಷದ ದೊಡ್ಡ ಪಂದ್ಯಕ್ಕೆ ಅದೂ ಬೇಡ ಎಂದು ನನ್ನನ್ನು ಮನೆಯಿಂದಲೇ ಸಾಗಹಾಕುವ ಏರ್ಪಾಡು. ಮೈ ಉರಿದುಹೋಯಿತು. ಆಗಲೇ ಯಜಮಾನರು ಕೂಗಿದರು: "ಬಾರೇ ಇಲ್ಲಿ! ಇಂಥ ಗೆಲುವಿಗೆ ಊರೋರ ಕಣ್ಣೆಲ್ಲ ಬಿದ್ದಿರ್ತದೆ. ಟಿವಿಗೆ ದೃಷ್ಟಿ ತೆಗೆದುಬುಡು."

ದೃಷ್ಟಿ ತೆಗೆಯುವುದು ಅವರಿಗೆ ಬರುವುದಿಲ್ಲ. ಅದಕ್ಕೆ ಮನೆಯ ಹೆಂಗಸು ಬೇಕು. ಪಂದ್ಯ ನೋಡಿದರೆ ಟೀಮಿಗೆ ಕಂಟಕವಾಗುವವಳು, ದೃಷ್ಟಿ ನಿವಾಳಿಸಲು ಮಾತ್ರ ಮುತ್ತೈದೆ.

ಮುಷ್ಟಿಯಲ್ಲಿ ಕಲ್ಲುಪ್ಪು, ಒಣಮೆಣಸಿನಕಾಯಿ ಹಿಡಿದು ಹೊರಗೆ ಬಂದೆ. ಟಿವಿಯ ಮುಂದೆ ನಿಂತು ನಿವಾಳಿಸತೊಡಗಿದೆ. ಪರದೆಯಲ್ಲಿ ನಮ್ಮ ಹುಡುಗರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯುತ್ತಿದ್ದರು. ಮೂವರೂ ಭಕ್ತಿಯಿಂದ ಎದ್ದು ನಿಂತಿದ್ದರು.

"ಮೇಷ್ಟ್ರೇ, ಒಂದು ಸಂದೇಹ" ಎಂದೆ. "ಪಂದ್ಯ ಶುರುವಾದಾಗ ನಮ್ಮಲ್ಲಿ ಮೂರು ಗಂಟೆ. ಆ ಊರಿನಲ್ಲಿ ಆಗ ಎಷ್ಟಾಗಿರುತ್ತೆ?"

ಮೇಷ್ಟ್ರಿಗೆ ತುಂಬ ಸಂತೋಷವಾಯಿತು. ರಿಟೈರಾದ ಮೇಲೆ ಅವರನ್ನು ಯಾರೂ ಪಾಠ ಕೇಳಿಲ್ಲ. "ಈ ಕಾಲದಲ್ಲಿ ಅವರು ನಮಗಿಂತ ನಾಲ್ಕೂವರೆ ಗಂಟೆ ಮುಂದೆ ಅಕ್ಕ. ಅಂದ್ರೆ ರಾತ್ರಿ ಏಳೂವರೆ."

"ಅಲ್ಲಿ ಈಗ ಚಳಿಗಾಲ ಮುಗೀತಾ ಇರೋದು, ಅಲ್ವಾ? ಬೇಗ ಕತ್ತಲಾಗುತ್ತೇನೋ."

"ಆಗದೆ ಇನ್ನೇನು? ಆರು ಗಂಟೆಗೆಲ್ಲ ಕತ್ತಲು ಅಕ್ಕ."

"ಮತ್ತೆ ಇವತ್ತು ಬಿಸಿಲು ಹೇಗಿತ್ತು?"

"ಅಬ್ಬಬ್ಬಾ, ಒಳ್ಳೇ ಬಿಸಿಲು! ಆ ಗಡ್ಡದವನು ಕಣ್ಣಿಗೆ ಕೈ ಅಡ್ಡ ಹಿಡ್ಕೊಂಡು..." ಅಲ್ಲಿಗೆ ಮೇಷ್ಟ್ರ ಮಾತು ನಿಂತಿತು. ಬಾಯಿ ಮಾತ್ರ ತೆರೆದೇ ಇತ್ತು. ಅವರ ಮುಖ ಇಂಗು ತಿಂದ ಮಂಗನಂತಾಯಿತು.

"ಏನು, ಏನಾಯ್ತು?" ಎಂದರು ವಕೀಲರು.

"ಇದು ಬೆಳಿಗ್ಗೆ ಆಡಿದ್ದು ಸ್ವಾಮಿ" ಎಂದೆ. "ನೀವು ಗೃಹಪ್ರವೇಶದಲ್ಲಿ ಉಪ್ಪಿಟ್ಟು ತಿನ್ನೋ ಹೊತ್ತಿಗೆ ಆಟ ನಡೀತಾ ಇತ್ತು, ಊಟಕ್ಕೆ ಎಲೆ ಹಾಕೋ ಮುಂಚೆ ಮುಗಿದುಹೋಯ್ತು. ಈಗ ಹಾಕಿದ್ದು ಮರುಪ್ರಸಾರ. ನೀವು ಹೊತ್ತ ಹರಕೆ, ಜೋಮು ಹಿಡಿಸಿಕೊಂಡ ಕಾಲು, ಒಗೀದೆ ಇರೋ ಷರಟು, ಎಲ್ಲಾ ಮುಗಿದುಹೋದ ಪಂದ್ಯಕ್ಕೆ. ನಾನು ಬೆಳಿಗ್ಗೆನೇ ನೋಡಿದೆ. ಮೊದಲಿಂದ ಕೊನೇತನಕ, ಆ ಕುರ್ಚೀಲೇ ಕೂತ್ಕೊಂಡು. ನಾನು ನೋಡ್ತಾ ಇದ್ದಾಗಲೇ ಗೆದ್ದರು."

ಇಷ್ಟು ಹೇಳಿ ಒಳಗೆ ಹೋಗಿ ಉಪ್ಪು ಮೆಣಸಿನಕಾಯಿಯನ್ನು ಉರಿಯುವ ಒಲೆಗೆ ಹಾಕಿದೆ. ದೃಷ್ಟಿ ತಾಗಿದ್ದರೆ ಘಾಟು ಬರುವುದಿಲ್ಲ ಅನ್ನುತ್ತಾರೆ. ಬಂತು ನೋಡಿ ಘಾಟು, ಮನೆ ತುಂಬ! ಮೂವರೂ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಸುರಿಸಿಕೊಂಡರು. ನನ್ನ ಟೀಮಿನ ಮೇಲೆ ಯಾರ ಕಣ್ಣೂ ಬಿದ್ದಿರಲಿಲ್ಲ, ನನ್ನದೂ.

ಇಷ್ಟಾದ ಮೇಲೆ ನಾಚಿಕೆ ಆಗಿರಬೇಕು ಅಂದುಕೊಂಡಿರಾ? ನೀವು ಗಂಡಸರ ಜೊತೆ ಆಟ ನೋಡಿಲ್ಲ. ಕೆಮ್ಮು ನಿಲ್ಲುವಷ್ಟರಲ್ಲಿ ವಕೀಲರು ಎದುರು ಪಾರ್ಟಿಗೆ ವಕಾಲತ್ತು ವಹಿಸಿದ್ದರು.

"ಹಾಗಾದ್ರೆ ತಾಯಿ ನೋಡಿದ್ದಕ್ಕೇ ಗೆದ್ದಿದ್ದು! ನಾವು ಸೀಸನ್ ಪೂರ್ತಿ ಇವರನ್ನ ಒಳಗಿಟ್ಟು ಅನ್ಯಾಯವಾಗಿ ಟೀಮನ್ನ ಸೋಲಿಸಿದ್ದೀವಿ. ಮುಂದಿನ ವಾರ ಇವರು ಆ ಕುರ್ಚಿ ಬಿಟ್ಟು ಅಲ್ಲಾಡಬಾರದು."

"ಬೆಳಿಗ್ಗೆ ಯಾವ ಸೀರೆ ಉಟ್ಟಿದ್ದೆ? ಅದೇ ಉಟ್ಕೊಬೇಕು" ಎಂದರು ಯಜಮಾನರು.

"ನೈಟಿ ಹಾಕ್ಕೊಂಡಿದ್ದೆ" ಎಂದೆ.

ಮೇಷ್ಟ್ರು ಸೀಲಿಂಗ್ ಫ್ಯಾನ್ ನೋಡಿದರು. ಸೀರೆಯ ನಿಯಮವನ್ನು ಕೈಬಿಡಲಾಯಿತು.

ನನಗೆ ನಗು ಬರಲಿಲ್ಲ. ಕುರ್ಚಿ ವಾಪಸ್ ಬಂದಿತ್ತು, ನಿಜ. ಆದರೆ ಇವಳಿಗೆ ಈ ಆಟ ಗೊತ್ತು, ಇವಳಿಗೆ ಇಷ್ಟ, ಇವಳು ನೋಡಲಿ ಅಂತ ಒಬ್ಬರ ಬಾಯಿಂದಲೂ ಬರಲಿಲ್ಲ. ನಿನ್ನೆ ಅಪಶಕುನ, ಇವತ್ತು ತಾಯಿತ. "ನೋಡಿ" ಎಂದೆ. "ನಾನು ಗೆಲ್ಲಿಸೋಕೆ ಕೂರೋದಿಲ್ಲ, ನೋಡೋಕೆ ಕೂರ್ತೀನಿ. ಸೋತರೂ ಕುರ್ಚಿ ನನ್ನದೇ. ಒಪ್ಪಿಗೆ ಇದ್ದರೆ ಬನ್ನಿ, ಇಲ್ಲದಿದ್ದರೆ ವಕೀಲರ ಮನೇಲಿ ನೋಡ್ಕೊಳ್ಳಿ." ವಕೀಲರ ಮನೆಯಲ್ಲಿ ರಿಮೋಟು ಅವರ ಹೆಂಡತಿಯ ಕೈಯಲ್ಲಿರುತ್ತದೆ. ಆದ್ದರಿಂದ ಎಲ್ಲರೂ ಒಪ್ಪಿದರು.

ಮುಂದಿನ ಶನಿವಾರ ಮೂರು ಗಂಟೆಗೆ ಭೂಗೋಳದ ಮೇಷ್ಟ್ರು ಮೊದಲು ಟಿವಿಯ ಹತ್ತಿರ ಬಗ್ಗಿ, ಅಲ್ಲಿ ಕತ್ತಲಾಗಿದೆಯೇ ಎಂದು ಖಾತ್ರಿ ಮಾಡಿಕೊಂಡರು. ನಾನು ನನ್ನ ಕುರ್ಚಿಯಲ್ಲಿ ಕೂತೆ. ಬಜ್ಜಿ ಇರಲಿಲ್ಲ. ಮೂವರೂ ಪಂದ್ಯಕ್ಕಿಂತ ಹೆಚ್ಚು ನನ್ನನ್ನೇ ನೋಡುತ್ತಿದ್ದರು, ನಾನು ಸೀನಿದರೂ ಬೆಚ್ಚುತ್ತಿದ್ದರು.

ಸೋತೆವು. ಒಂದೇ ಒಂದು ಅಂಕದಲ್ಲಿ. ನಮ್ಮ ಗಡ್ಡದವನು ಅವಸರದಲ್ಲಿ ಒದ್ದ ಚೆಂಡು ಎದುರಾಳಿಗಳ ಕೈಗೆ ಸಿಕ್ಕಿತು. ಕೊನೆಯ ಗಳಿಗೆಯಲ್ಲಿ ಎದುರಾಳಿಯವನು ಒದ್ದ ಚೆಂಡು ಗುರಿ ತಪ್ಪಿ ಪಕ್ಕದ ಸಂದಿಯಲ್ಲಿ ಹೋಯಿತು, ಆ ಒಂದು ಅಂಕ ಅವನಿಗೆ ಸಾಕಾಯಿತು. ಸೈರನ್ ಕೂಗಿತು. ಮೂರು ಮುಖಗಳು ನಿಧಾನವಾಗಿ ನನ್ನ ಕಡೆ ತಿರುಗಿದವು.

ಸಂಕಟ ನನಗೂ ಆಗಿತ್ತು, ಅವರಿಗಿಂತ ಹೆಚ್ಚೇ ಆಗಿತ್ತು. ಆದರೆ ಆ ಮೂರು ಮುಖ ನೋಡಿದಾಗ ನನಗೇ ಒಂದು ಕ್ಷಣ ಎದ್ದು ಒಳಗೆ ಹೋಗಿಬಿಡೋಣ ಅನ್ನಿಸಿತು ನೋಡಿ, ನಾನೇ ಏನೋ ಮಾಡಿಬಿಟ್ಟೆನೇನೋ ಅಂತ. ಇಷ್ಟು ದಿನ ಒಳಗೆ ಕೂರಿಸಿದ್ದರ ಫಲ ಅದು. ನನ್ನ ಮೇಲೇ ಸಿಟ್ಟು ಬಂತು. ಕುರ್ಚಿಯ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಏಳಲಿಲ್ಲ.

ವಕೀಲರೂ ಮೇಷ್ಟ್ರೂ ಸಾವಿನ ಮನೆಯಿಂದ ಹೊರಟವರಂತೆ ಹೊರಟರು. ಯಜಮಾನರು ಗೇಟು ಹಾಕಿ ಬಂದು, ನೆಟ್ಟಗೆ ಅಡಿಗೆಮನೆಗೆ ಹೋದರು. ಒಳಗೆ ಏನೋ ಬಿದ್ದ ಸದ್ದು, ಹಾಲು ಉಕ್ಕಿದ ವಾಸನೆ. ಬಹಳ ಹೊತ್ತಾದ ಮೇಲೆ ಎರಡು ಲೋಟ ಕಾಫಿ ಹಿಡಿದು ಬಂದು, ಒಂದನ್ನು ನನ್ನ ಕೈಗೆ ಕೊಟ್ಟು, ತಗ್ಗಿನ ಸೋಫಾದಲ್ಲಿ ಕೂತರು.

"ಅಲ್ಲಾ ಕಣೇ" ಎಂದರು ಟಿವಿ ನೋಡುತ್ತಾ, "ಆ ಗಡ್ಡದವನು ಕೊನೇಲಿ ಒದೀಬಾರ್ದಾಗಿತ್ತು ಅಲ್ವಾ? ಪಕ್ಕದವನಿಗೆ ಕೊಡ್ಬೇಕಾಗಿತ್ತು. ನಿಂಗೇನ್ ಅನ್ಸುತ್ತೆ?"

ಈ ಆಟ ನಮ್ಮ ಮನೆಗೆ ಬಂದ ಮೇಲೆ ಅವರು ನನ್ನನ್ನು ಆಟದ ಬಗ್ಗೆ ಕೇಳಿದ್ದು ಅದೇ ಮೊದಲು. ಉತ್ತರ ಹೇಳುವ ಮುಂಚೆ ಒಂದು ಗುಟುಕು ಕುಡಿದೆ. ಡಿಕಾಕ್ಷನ್ ನೀರಾಗಿತ್ತು, ಹಾಲು ಸೀದಿತ್ತು, ಸಕ್ಕರೆ ಹಾಕುವುದನ್ನು ಮರೆತಿದ್ದರು. ಗುರಿ ಪೂರ್ತಿ ತಪ್ಪಿತ್ತು. ಒಂದು ಅಂಕ ಕೊಟ್ಟೆ.